ಶಾಖ ಸಂಸ್ಕರಿತ ಗಟ್ಟಿಮರ: ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳು

ಪೀಠಿಕೆ

ಕೊಪ್ಪಳ, ಗಂಗಾವತಿ, ಕುಷ್ಟಗಿ ಹಾಗೂ ಯಲಬುರ್ಗಾ ಭಾಗಗಳಲ್ಲಿ ಮನೆಯ ಬಾಗಿಲು, ಕಿಟಕಿ ಹಾಗೂ ಕೃಷಿ ಉಪಕರಣಗಳಿಗೆ ಸಾಗವಾನಿ, ಬೇವು, ಕರಿಜಾಲಿ ಮುಂತಾದ ಮರಗಳು ಬಳಕೆಯಲ್ಲಿವೆ. ಮರವು ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಇದನ್ನು ತಗ್ಗಿಸುವ ವಿಧಾನಗಳಲ್ಲಿ ಶಾಖ ಸಂಸ್ಕರಣೆಯೂ ಒಂದು. ಆದರೆ "ಹೀಟ್ ಟ್ರೀಟೆಡ್" ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಸಂಸ್ಕರಣೆಗಳು ಬರುವುದರಿಂದ, ಖರೀದಿದಾರರು ಅವುಗಳ ವ್ಯತ್ಯಾಸವನ್ನು ಅರಿತಿರುವುದು ಅವಶ್ಯ.

ಶಾಖ ನೀಡುವ ಮೂರು ವಿಧಗಳು

1. ಒಣಗಿಸುವಿಕೆ: ಸಾಮಾನ್ಯವಾಗಿ 100 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಶಾಖದಲ್ಲಿ ಮರದ ನೀರಿನಂಶವನ್ನು ತೆಗೆಯಲಾಗುತ್ತದೆ. ಮರದ ಗುಣ ಬದಲಾಗುವುದಿಲ್ಲ. ಪುನಃ ನೆನೆದರೆ ಕೊಳೆಯಬಹುದು.

2. ಕೀಟ ನಿವಾರಣೆ: ರಫ್ತು ಸರಕಿನ ಮರದ ಪೆಟ್ಟಿಗೆಗಳ ತಿರುಳನ್ನು 56 ಡಿಗ್ರಿಯಲ್ಲಿ ಸತತ 30 ನಿಮಿಷ ಇರಿಸಲಾಗುತ್ತದೆ. ಒಳಗಿರುವ ಕೀಟಗಳು ಸಾಯುತ್ತವೆ, ಬಾಳಿಕೆ ಹೆಚ್ಚುವುದಿಲ್ಲ.

3. ಶಾಖ ಮಾರ್ಪಾಡು: ಮೊದಲೇ ಒಣಗಿಸಿದ ಮರವನ್ನು ಸುಮಾರು 160ರಿಂದ 230 ಡಿಗ್ರಿಯವರೆಗೆ ಹಬೆ, ಸಾರಜನಕ ಅಥವಾ ನಿರ್ವಾತದಲ್ಲಿ ಕಾಯಿಸಲಾಗುತ್ತದೆ. ಗಾಳಿಯ ಸಂಪರ್ಕವಿದ್ದರೆ ಮರವು ಉರಿಯುವ ಅಪಾಯವಿದೆ. ಗಟ್ಟಿಮರವು ಸೀಳದಂತೆ ಶಾಖವನ್ನು ನಿಧಾನವಾಗಿ ಏರಿಸತಕ್ಕದ್ದು.

ಪ್ರಯೋಜನಗಳು

ಮೂರನೆಯ ವಿಧಾನದಲ್ಲಿ, ತೇವವನ್ನು ಹೆಚ್ಚಾಗಿ ಹಿಡಿದಿಡುವ ಹೆಮಿಸೆಲ್ಯುಲೋಸ್ ಎಂಬ ಅಂಶವು ವಿಘಟನೆಗೊಳ್ಳುತ್ತದೆ. ಇದರಿಂದ ಮರವು ಉಬ್ಬಿ ಕುಗ್ಗುವುದು ಕಡಿಮೆಯಾಗಿ, ಶಿಲೀಂಧ್ರದಿಂದ ಕೊಳೆಯುವುದೂ ತಗ್ಗುತ್ತದೆ. ರಾಸಾಯನಿಕ ಬಳಸುವುದಿಲ್ಲ. ಬಣ್ಣವು ಕಂದಾಗುತ್ತದೆ, ಬಿಸಿಲಿನಲ್ಲಿ ಕ್ರಮೇಣ ಮಾಸುತ್ತದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಅಕೇಶಿಯಾ, ಸಿಲ್ವರ್ ಓಕ್ ಮುಂತಾದ ನೆಡುತೋಪು ಮರಗಳ ಮೇಲೆ ಈ ಕುರಿತು ಅಧ್ಯಯನಗಳು ನಡೆದಿವೆ.

ಎಚ್ಚರಿಕೆಗಳು

• ಸಂಸ್ಕರಣೆಯಿಂದ ಮರದ ಬಾಗುವ ಬಲ ಕುಂದಿ, ಅದು ಪೆಡಸಾಗುತ್ತದೆ. ಆದ್ದರಿಂದ ಮಾಳಿಗೆಯ ತೊಲೆ, ಜಂತಿ, ಬಂಡಿಯ ನೊಗ ಮುಂತಾದ ಭಾರ ಹೊರುವ ಭಾಗಗಳಿಗೆ ಇದನ್ನು ಬಳಸಬಾರದು.

• ಗೆದ್ದಲಿನಿಂದ ಪೂರ್ಣ ರಕ್ಷಣೆ ದೊರೆಯುವುದಿಲ್ಲ. ನೆಲದಲ್ಲಿ ಹೂಳುವ ಕಂಬಗಳಿಗೆ ಐ.ಎಸ್. 401 ಮಾನಕದಂತೆ ಸಂರಕ್ಷಕ ದ್ರಾವಣದಿಂದ ಸಂಸ್ಕರಿಸಿದ ಮರವು ಸೂಕ್ತ.

• ಸಾಗವಾನಿಯ ಬಲಿತ ಕೆಚ್ಚು ಸ್ವಭಾವತಃ ಬಾಳಿಕೆಯುಳ್ಳದ್ದು. ಇದಕ್ಕಾಗಿ ಹೆಚ್ಚುವರಿ ವೆಚ್ಚ ಮಾಡುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

• ಖರೀದಿಸುವಾಗ ಮರದ ಜಾತಿ, ಕಾಯಿಸಿದ ಉಷ್ಣಾಂಶ ಹಾಗೂ ಅವಧಿಯನ್ನು ರಸೀದಿಯಲ್ಲಿ ಬರೆಯಿಸಿಕೊಳ್ಳುವುದು ಹಿತಕರ.

ಅನುಮತಿ

ಸ್ವಂತ ಜಮೀನಿನ ಮರವನ್ನು ಸಂಸ್ಕರಿಸಲು ಇಚ್ಛಿಸುವವರು, ವಿನಾಯಿತಿ ಪಡೆದ ಜಾತಿಗಳನ್ನು ಹೊರತುಪಡಿಸಿ, ಕಡಿಯುವ ಮುನ್ನ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರನ್ವಯ ವೃಕ್ಷಾಧಿಕಾರಿಗಳ ಅನುಮತಿ ಪಡೆಯತಕ್ಕದ್ದು. ಸಾಗಾಣಿಕೆಗೆ ಕರ್ನಾಟಕ ಅರಣ್ಯ ನಿಯಮಗಳು, 1969ರನ್ವಯ ರಹದಾರಿ ಅಗತ್ಯವಿರುತ್ತದೆ. ವಿನಾಯಿತಿಯ ವಿವರ ಹಾಗೂ ಅರ್ಜಿಯೊಡನೆ ಲಗತ್ತಿಸಬೇಕಾದ ದಾಖಲೆಗಳ ಬಗ್ಗೆ ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಗಳ ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.