ಸಮಪಾಲಿನ ಹೋಟೆಲಿಗೆ ಬೀಗ ಯಾರದು?

2017ರ ಜೂನ್ ಕೊನೆಯಲ್ಲಿ ದೆಹಲಿಯ 55 ಮೆಕ್‌ಡೊನಾಲ್ಡ್ಸ್ ಮಳಿಗೆಗಳ ಪೈಕಿ 43 ಒಮ್ಮೆಲೇ ಬಾಗಿಲು ಹಾಕಿದವು. ಗಿರಾಕಿಗಳೇನೂ ಕಡಿಮೆಯಾಗಿರಲಿಲ್ಲ. ತಿಂಡಿ ಅಂಗಡಿ ನಡೆಸಲು ಬೇಕಾದ ಲೈಸೆನ್ಸ್‌ಗಳ ನವೀಕರಣವೇ ಆಗಿರಲಿಲ್ಲ. ಅವುಗಳನ್ನು ನಡೆಸುತ್ತಿದ್ದ ಕಂಪನಿಯ ಇಬ್ಬರು ಪಾಲುದಾರರು ಆಗ ನಾಲ್ಕು ವರ್ಷಗಳಿಂದ ಕಾನೂನು ಸಮರದಲ್ಲಿದ್ದರು. ಹೋಟೆಲ್ ಪಾಲುದಾರರ ಜಗಳದಲ್ಲಿ ನ್ಯಾಯ ಯಾರ ಕಡೆಗಿದೆ ಎಂದು ಕೋರ್ಟು ಹೇಳಬಲ್ಲದು. ಆದರೆ ತೀರ್ಪು ಬರುವವರೆಗೆ ಒಲೆ ಉರಿಸುವವರು ಯಾರೆಂಬುದನ್ನು ಪಾಲುದಾರರೇ ಮೊದಲೇ ಬರೆದಿಟ್ಟುಕೊಳ್ಳದಿದ್ದರೆ, ಗೆದ್ದವನ ಕೈಗೂ ತಣ್ಣಗಾದ ಅಡುಗೆಮನೆಯೇ ಸಿಗುತ್ತದೆ.

ಈ ವ್ಯಾಜ್ಯದ ಬೇರು ಇರುವುದು 1995ರ ಒಪ್ಪಂದದಲ್ಲಿ. ಅಮೆರಿಕದ ಕಂಪನಿ ಮತ್ತು ಉದ್ಯಮಿ ವಿಕ್ರಮ್ ಬಕ್ಷಿ ಅರ್ಧರ್ಧ ಪಾಲಿನಲ್ಲಿ ಕನಾಟ್ ಪ್ಲಾಜಾ ರೆಸ್ಟೊರೆಂಟ್ಸ್ ಕಟ್ಟಿದರು. ಉತ್ತರ ಮತ್ತು ಪೂರ್ವ ಭಾರತದ ಮಳಿಗೆಗಳು ಅದರ ಪಾಲಿಗೆ ಬಂದವು. 2008ರಲ್ಲಿ ಬಕ್ಷಿಯವರ ಪಾಲನ್ನು ಕೊಳ್ಳುವ ಮಾತು ಬಂದಾಗ ಮೆಕ್‌ಡೊನಾಲ್ಡ್ಸ್ 50 ಲಕ್ಷ ಡಾಲರ್, ಆಮೇಲೆ 70 ಲಕ್ಷ ಡಾಲರ್ ಎಂದಿತು; ಬಕ್ಷಿಯವರ ಕಡೆಯ ಲೆಕ್ಕ 10 ಕೋಟಿ ಡಾಲರ್ ಎಂದು ವರದಿಯಾಗಿತ್ತು. 2013ರ ಆಗಸ್ಟ್‌ನಲ್ಲಿ ಅವರು ವ್ಯವಸ್ಥಾಪಕ ನಿರ್ದೇಶಕರ ಹುದ್ದೆಗೆ ಮರು ಆಯ್ಕೆಯಾಗಲಿಲ್ಲ. ದಬ್ಬಾಳಿಕೆ ಮತ್ತು ದುರಾಡಳಿತದ ದೂರು ಹೊತ್ತು ಅವರು ಕಂಪನಿ ಕಾನೂನು ಮಂಡಳಿಯ ಮೆಟ್ಟಿಲೇರಿದರು. 2017ರ ಜುಲೈಯಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ಅವರನ್ನು ಮತ್ತೆ ಅದೇ ಕುರ್ಚಿಯಲ್ಲಿ ಕೂರಿಸಿತು. ಮುಂದಿನ ತಿಂಗಳೇ ಮೆಕ್‌ಡೊನಾಲ್ಡ್ಸ್ 169 ಮಳಿಗೆಗಳ ಫ್ರಾಂಚೈಸಿ ರದ್ದು ಮಾಡಿತು. ಕುರ್ಚಿ ಒಬ್ಬರಿಗೆ, ಬೋರ್ಡಿನ ಮೇಲಿನ ಹೆಸರು ಇನ್ನೊಬ್ಬರಿಗೆ! ಕೊನೆಗೆ 2019ರ ಮೇನಲ್ಲಿ ಜಗಳ ಮುಗಿದದ್ದು ಕೋರ್ಟಿನ ಹೊರಗೆ, ಬಕ್ಷಿ ತಮ್ಮ ಪಾಲು ಮಾರಿದ ಮೇಲೆ.

ಅರ್ಧರ್ಧ ಪಾಲೇ ಇದಕ್ಕೆಲ್ಲ ಕಾರಣ ಎನ್ನುವಂತಿಲ್ಲ. ಬೆಂಗಳೂರೂ ಸೇರಿದಂತೆ ದಕ್ಷಿಣ ಮತ್ತು ಪಶ್ಚಿಮ ಭಾರತದ ಮಳಿಗೆಗಳನ್ನು ನಡೆಸುವ ಹಾರ್ಡ್‌ಕ್ಯಾಸಲ್ ರೆಸ್ಟೊರೆಂಟ್ಸ್ ಕೂಡ ಸಮಪಾಲಿನಲ್ಲೇ ಶುರುವಾಗಿತ್ತು. ಅಲ್ಲಿ ವಿದೇಶಿ ಕಂಪನಿ ತನ್ನ ಪಾಲನ್ನು ಬಿಟ್ಟುಕೊಟ್ಟು, ನಡೆಸುವ ಹೊಣೆಯನ್ನು ಲೈಸೆನ್ಸ್ ಮೇಲೆ ಸ್ಥಳೀಯ ಪಾಲುದಾರನಿಗೇ ವಹಿಸಿತು. ದೆಹಲಿಯ ಬೀಗಗಳು ಬೆಂಗಳೂರಿಗೆ ಬರಲಿಲ್ಲ. ಬ್ರ್ಯಾಂಡ್ ಅದೇ, ಆರಂಭದ ಪಾಲೂ ಅಷ್ಟೇ. ಹೊರಬರುವ ದಾರಿ ಮಾತ್ರ ಒಂದು ಕಡೆ ಸಿಕ್ಕಿತು, ಇನ್ನೊಂದು ಕಡೆ ಸಿಗಲಿಲ್ಲ.

ಇದು ದೊಡ್ಡವರ ಮಾತು, ನಾಲ್ಕು ಮೇಜಿನ ದರ್ಶಿನಿಗೆ ಇದೆಲ್ಲ ಯಾಕೆ ಎನ್ನಬಹುದು. ಚಿಕ್ಕ ಹೋಟೆಲಿನ ಗತಿ ಇನ್ನೂ ಬಿಗಿ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ ದಿನನಿತ್ಯದ ವ್ಯವಹಾರದ ಭಿನ್ನಾಭಿಪ್ರಾಯ ಬಹುಮತದಿಂದ ತೀರ್ಮಾನವಾಗಬೇಕು. ಇಬ್ಬರೇ ಇದ್ದಾಗ ಬಹುಮತ ಎಲ್ಲಿಂದ ಬರಬೇಕು? ಅವಧಿ ಗೊತ್ತುಮಾಡದ ಪಾಲುದಾರಿಕೆಯನ್ನು ಒಬ್ಬ ಪಾಲುದಾರ ಲಿಖಿತ ನೋಟಿಸ್ ಕೊಟ್ಟೇ ವಿಸರ್ಜಿಸಬಹುದು. ಸಂಸ್ಥೆ ನೋಂದಣಿಯಾಗಿಲ್ಲದಿದ್ದರೆ 69ನೇ ಕಲಂ ಅಡ್ಡ ಬರುತ್ತದೆ: ಕರಾರಿನಲ್ಲಿರುವ ಹಕ್ಕನ್ನು ಜಾರಿ ಮಾಡಿಸಿ ಎಂದು ಪಾಲುದಾರ ದಾವೆ ಹೂಡುವಂತಿಲ್ಲ, ವಿಸರ್ಜನೆ ಮಾಡಿ, ಲೆಕ್ಕ ಕೊಡಿಸಿ ಎಂದು ಕೇಳಬಹುದು. ಅಂದರೆ ಹೋಟೆಲ್ ಉಳಿಸಿಕೊಳ್ಳುವ ದಾರಿಗಿಂತ ಮುಚ್ಚುವ ದಾರಿಯೇ ಸಲೀಸು. ಇದರ ಮೇಲೆ ಕಟ್ಟಡದ ಬಾಡಿಗೆ ಕರಾರು ಒಬ್ಬನ ಹೆಸರಲ್ಲಿ, ಆಹಾರ ಸುರಕ್ಷತೆಯ ಲೈಸೆನ್ಸ್ ಇನ್ನೊಬ್ಬನ ಹೆಸರಲ್ಲಿ ಇರುತ್ತದೆ. ಗಲ್ಲಾದ ಮುಂದೆ ಅಂಟಿಸಿದ ಕ್ಯೂಆರ್ ಕೋಡ್ ಯಾರ ಖಾತೆಯದು ಎಂಬುದೊಂದೇ ಸಾಕು, ಇಡೀ ದಿನದ ವ್ಯಾಪಾರ ಯಾರ ಕೈಗೆ ಹೋಗುತ್ತದೆಂದು ಹೇಳಲು.

ತಡೆಯಾಜ್ಞೆ ಇಲ್ಲವೇ, ರಿಸೀವರ್ ನೇಮಿಸಲು ಬರುವುದಿಲ್ಲವೇ ಎಂದು ವಕೀಲರು ಕೇಳಬಹುದು. ಬರುತ್ತದೆ. ಜಮೀನಿನ ವ್ಯಾಜ್ಯದಲ್ಲಿ ಜಮೀನು ಕಾಯುತ್ತದೆ, ರಿಸೀವರ್ ಅದನ್ನು ಕಾಪಾಡಬಲ್ಲ. ಹೋಟೆಲಿನ ಆಸ್ತಿಯೆಂದರೆ ಬೆಳಗಿನ ಗಿರಾಕಿ, ಭಟ್ಟರ ಕೈರುಚಿ, ತರಕಾರಿಯವನ ಉದ್ರಿ. ರಾತ್ರಿ ರುಬ್ಬಿಟ್ಟ ಹಿಟ್ಟು ಮುಂದಿನ ವಾಯಿದೆಯವರೆಗೆ ಹುಳಿಯಾಗದೆ ಕೂರುವುದಿಲ್ಲ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಮಾತು ಹೋಟೆಲಿಗೆ ಒಪ್ಪುವಷ್ಟು ಇನ್ನಾವ ವ್ಯಾಪಾರಕ್ಕೂ ಒಪ್ಪಲಾರದು.

ಇನ್ನೊಂದು ಆಕ್ಷೇಪ ಮನಸ್ಸಿನದು. ಗೆಳೆಯರು, ಭಾವ-ಭಾಮೈದ ಕೂಡಿ ಹೋಟೆಲ್ ಇಡುವಾಗ ಜಗಳದ ದಿನದ ಕಲಮುಗಳನ್ನು ಬರೆಯುವುದು ಅಪಶಕುನ, ಅಪನಂಬಿಕೆ ಎನಿಸುತ್ತದೆ. ಆದರೆ ಬೆಲೆಯನ್ನು ನ್ಯಾಯವಾಗಿ ಗೊತ್ತುಮಾಡಲು ಆಗುವುದು ಯಾರು ಬಿಟ್ಟುಹೋಗುತ್ತಾರೆಂದು ಇಬ್ಬರಿಗೂ ತಿಳಿಯದ ದಿನವೇ. 50 ಲಕ್ಷಕ್ಕೂ 10 ಕೋಟಿಗೂ ನಡುವಿನ ಕಂದರ ಜಗಳ ಬಂದ ಮೇಲೆ ತುಂಬುವಂಥದ್ದಲ್ಲ. ಪಾಲಿನ ಬೆಲೆ ಕಟ್ಟುವ ವಿಧಾನ, ಒಮ್ಮತ ಮುರಿದಾಗ ತೀರ್ಮಾನಿಸುವ ಮೂರನೆಯವರು, ಅಷ್ಟರವರೆಗೆ ಬಾಡಿಗೆ, ಸಂಬಳ, ಲೈಸೆನ್ಸ್ ನೋಡಿಕೊಳ್ಳುವವರು, ಹೆಸರು ಮತ್ತು ಬೋರ್ಡು ಯಾರಿಗೆ ಎಂಬುದು: ಇಷ್ಟನ್ನು ಬರೆದು, ಸಂಸ್ಥೆಯನ್ನು ನೋಂದಾಯಿಸಿದರೆ ಜಗಳವೇ ಬರುವುದಿಲ್ಲವೆಂದಲ್ಲ, ಬಂದರೂ ಅದು ಲೆಕ್ಕದ ಪುಸ್ತಕದಲ್ಲಿರುತ್ತದೆ, ಮರುದಿನ ಬೆಳಿಗ್ಗೆ ಆರಕ್ಕೆ ಷಟರ್ ಎಂದಿನಂತೆ ಮೇಲೇರುತ್ತದೆ.