ಗುರುವಿನ ಮುಂದೆ ಕಮಾನು ಏಕೆ ನಡುಗುತ್ತದೆ?

“ಮನೇಲಿ ಚೆನ್ನಾಗಿ ಬರ್ತಿತ್ತು, ಮೇಷ್ಟ್ರೇ.”

ಪಿಟೀಲು ಕಲಿಸುವವರು ಈ ಮಾತನ್ನು ಕೇಳದ ವಾರವಿರಲಾರದು. ವಿದ್ಯಾರ್ಥಿ ಸುಳ್ಳು ಹೇಳುತ್ತಿಲ್ಲ. ಹಿಂದಿನ ರಾತ್ರಿ ವರ್ಣ ಸಲೀಸಾಗಿಯೇ ಬಂದಿರುತ್ತದೆ. ಈಗ ಗುರುಗಳ ಎದುರು ಕುಳಿತು ಕಮಾನು ತಂತಿಗೆ ತಾಗಿಸಿದೊಡನೆ ಕೈ ನಡುಗುತ್ತದೆ, ಷಡ್ಜವೇ ಸೀಳಿ ಬರುತ್ತದೆ. ಭೌತವಿಜ್ಞಾನದ ಪ್ರಾಯೋಗಿಕ ಪರೀಕ್ಷೆಗಳಲ್ಲಿಯೂ ನಾವು ಇದನ್ನು ಕಾಣುತ್ತೇವೆ. ವರ್ಷವಿಡೀ ವರ್ನಿಯರ್ ಕ್ಯಾಲಿಪರ್ಸ್ ಹಿಡಿದ ಕೈ, ಹೊರಗಿನ ಪರೀಕ್ಷಕರು ಪಕ್ಕದಲ್ಲಿ ಬಂದು ನಿಂತ ಕೂಡಲೇ ಅದನ್ನು ಸ್ಥಿರವಾಗಿ ಹಿಡಿಯಲಾರದು.

“ಹೆದರಬೇಡ, ಧೈರ್ಯವಾಗಿ ನುಡಿಸು” ಎನ್ನುವುದು ವಾಡಿಕೆಯ ಉಪದೇಶ. ಅದರಿಂದ ಪ್ರಯೋಜನ ಅಷ್ಟಕ್ಕಷ್ಟೆ. ಏಕೆಂದರೆ ನಡುಕ ಕೇವಲ ಮನಸ್ಸಿನ ವಿಷಯವಲ್ಲ. ಅದು ಸ್ನಾಯು, ರಕ್ತ ಮತ್ತು ತಂತಿಯ ವಿಷಯವೂ ಹೌದು. ಭಯವನ್ನು ಆಜ್ಞೆ ಮಾಡಿ ಓಡಿಸಲಾಗದು. ಆದರೆ ಭಯವಿದ್ದರೂ ನಾದ ಕೆಡದಷ್ಟು ಅವಕಾಶವನ್ನು ವಾದ್ಯದಲ್ಲಿ, ಅಭ್ಯಾಸದಲ್ಲಿ ಮಾಡಿಕೊಳ್ಳಬಹುದು. ಅದು ಹೇಗೆಂದು ನೋಡೋಣ.

ಶರೀರದಲ್ಲಿ ಆಗುವುದೇನು?

ಯಾರೋ ನಮ್ಮನ್ನು ಅಳೆಯುತ್ತಿದ್ದಾರೆ ಎಂಬ ಅರಿವು ಅಪಾಯದ ಸೂಚನೆಯಂತೆಯೇ ಮಿದುಳಿನಲ್ಲಿ ಕೆಲಸ ಮಾಡುತ್ತದೆ. ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರೀನಲ್ ಗ್ರಂಥಿಗಳು ಕೆಲವೇ ಕ್ಷಣಗಳಲ್ಲಿ ಅಡ್ರೀನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಏರುತ್ತದೆ. ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಕುಗ್ಗಿ ಬೆರಳುಗಳು ತಣ್ಣಗಾಗುತ್ತವೆ. ಅಂಗೈ ಬೆವರುತ್ತದೆ. ಓಡಲು ಅಥವಾ ಕಾದಾಡಲು ಇವೆಲ್ಲ ಅನುಕೂಲವೇ. ಸೂಕ್ಷ್ಮವಾಗಿ ಗಮಕ ತೆಗೆಯಲು ಮಾತ್ರ ಅಲ್ಲ.

ನಮಗೆ ಇಲ್ಲಿ ಮುಖ್ಯವಾದುದು ಕೈಯ ಕಂಪನ. ಆರೋಗ್ಯವಂತರ ಕೈಯೂ ಎಂದಿಗೂ ಪೂರ್ಣ ಸ್ಥಿರವಾಗಿರುವುದಿಲ್ಲ. ಚಾಚಿದ ಹಸ್ತ ಸೆಕೆಂಡಿಗೆ ಸುಮಾರು 8ರಿಂದ 12 ಬಾರಿ ಅತಿ ಸಣ್ಣ ಪಾರದಲ್ಲಿ ಕಂಪಿಸುತ್ತಲೇ ಇರುತ್ತದೆ. ಸಾಮಾನ್ಯವಾಗಿ ಅದು ಕಣ್ಣಿಗೆ ಬೀಳದು. ಅಡ್ರೀನಲಿನ್ ಸ್ನಾಯುಗಳ ಮೇಲೆ ನೇರವಾಗಿ ವರ್ತಿಸಿ ಈ ಕಂಪನದ ಪಾರವನ್ನು ಹೆಚ್ಚಿಸುತ್ತದೆ. ಅಂದರೆ ಗುರುವಿನ ಮುಂದೆ ಹೊಸ ನಡುಕವೇನೂ ಹುಟ್ಟುವುದಿಲ್ಲ, ಇದ್ದದ್ದೇ ದೊಡ್ಡದಾಗುತ್ತದೆ.

ಇದಕ್ಕೆ ಒಳ್ಳೆಯ ಪುರಾವೆ 1977ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ. ಅಡ್ರೀನಲಿನ್ನಿನ ಪರಿಣಾಮವನ್ನು ತಡೆಯುವ ಆಕ್ಸ್‌ಪ್ರೆನೊಲಾಲ್ ಎಂಬ ಔಷಧಿಯನ್ನು ತಂತಿವಾದ್ಯಗಾರರಿಗೆ ಕೊಟ್ಟಾಗ ಅವರ ನಡುಕ ಇಳಿದು ವಾದನ ಸುಧಾರಿಸಿತು. ಇದನ್ನು ಓದಿ ಯಾರೂ ಔಷಧದ ಅಂಗಡಿಗೆ ಹೋಗಬಾರದು. ಈ ಬಗೆಯ ಔಷಧಿಗಳು ಆಸ್ತಮಾ ಇರುವವರಿಗೆ ಅಪಾಯಕಾರಿ. ವೈದ್ಯರ ಸಲಹೆಯಿಲ್ಲದೆ ಮುಟ್ಟತಕ್ಕವಲ್ಲ. ವರ್ಣ ಒಪ್ಪಿಸಲು ಮಾತ್ರೆ ನುಂಗುವುದು ನನ್ನ ಅಭಿಪ್ರಾಯದಲ್ಲಿ ಇಲಿ ಹಿಡಿಯಲು ಬೆಟ್ಟ ಅಗೆದಂತೆ.

ತಂತಿ ನಡುಕವನ್ನು ಹಿಗ್ಗಿಸುವ ಬಗೆ

ವೀಣೆಯ ತಂತಿಯನ್ನು ಮೀಟಿದ ಮೇಲೆ ಬಲಗೈಯ ಕೆಲಸ ಆ ಕ್ಷಣಕ್ಕೆ ಮುಗಿಯಿತು. ಪಿಟೀಲಿನಲ್ಲಿ ಹಾಗಲ್ಲ. ರಾಳ ಹಚ್ಚಿದ ಕಮಾನಿನ ಕೂದಲು ತಂತಿಯನ್ನು ಅಂಟಿಸಿಕೊಂಡು ತುಸು ದೂರ ಎಳೆಯುತ್ತದೆ, ತಂತಿ ಜಾರಿ ಹಿಂದಕ್ಕೆ ಹಾರುತ್ತದೆ, ಮತ್ತೆ ಅಂಟುತ್ತದೆ. ಪ್ರತಿ ಆವರ್ತಕ್ಕೆ ಸರಿಯಾಗಿ ಒಂದೇ ಬಾರಿ ಜಾರಿದರೆ ತುಂಬು ನಾದ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 19ನೆಯ ಶತಮಾನದಲ್ಲಿ ಈ ಚಲನೆಯನ್ನು ಸೂಕ್ಷ್ಮದರ್ಶಕದ ನೆರವಿನಿಂದ ಗುರುತಿಸಿದರು.

ಇದನ್ನು ಮುಂದುವರಿಸಿದವರು ನಮ್ಮ ಸಿ.ವಿ. ರಾಮನ್. ಬೆಳಕಿನ ಚದರಿಕೆಗೆ ಬರುವ ಮೊದಲು ಅವರ ಮುಖ್ಯ ಆಸಕ್ತಿ ವಾದ್ಯಗಳೇ ಆಗಿದ್ದವು. ಕಮಾನಿನಿಂದ ನುಡಿಸಿದ ತಂತಿಯ ಕಂಪನಗಳನ್ನು ಕುರಿತ ಅವರ ದೊಡ್ಡ ಪ್ರಬಂಧ 1918ರಲ್ಲಿ ಕಲ್ಕತ್ತೆಯಿಂದ ಪ್ರಕಟವಾಯಿತು. ಮುಂದೆ 1920ರ ಸುಮಾರಿಗೆ ಅವರು ಪಿಟೀಲನ್ನು ಯಂತ್ರದಿಂದ ನುಡಿಸುವ ಏರ್ಪಾಡು ಮಾಡಿ, ಕಮಾನಿನ ವೇಗ, ಒತ್ತಡ ಮತ್ತು ಅದು ತಂತಿಯನ್ನು ತಾಗುವ ಸ್ಥಳಗಳನ್ನು ಒಂದೊಂದಾಗಿ ಬದಲಿಸಿ, ನಾದ ನಿಲ್ಲಲು ಬೇಕಾದ ಕನಿಷ್ಠ ಒತ್ತಡವನ್ನು ಅಳೆದರು. ಅಡ್ರೀನಲ್ ಗ್ರಂಥಿಯಿಲ್ಲದ ವಾದಕನೊಬ್ಬನನ್ನು ಅವರು ಸೃಷ್ಟಿಸಿಕೊಂಡಿದ್ದರು ಎನ್ನಬಹುದು!

1973ರಲ್ಲಿ ಅಮೆರಿಕದ ಎಂಜಿನಿಯರ್ ಹಾಗೂ ಹವ್ಯಾಸಿ ಚೆಲೊ ವಾದಕ ಜಾನ್ ಶೆಲೆಂಗ್ ಇದಕ್ಕೆ ಸ್ಪಷ್ಟ ರೂಪ ಕೊಟ್ಟರು. ಒತ್ತಡಕ್ಕೆ ಒಂದು ಕೆಳಮಿತಿ ಮತ್ತು ಒಂದು ಮೇಲ್ಮಿತಿ ಇವೆ. ಕೆಳಮಿತಿಗಿಂತ ಕಡಿಮೆಯಾದರೆ ತಂತಿ ಒಂದು ಆವರ್ತದಲ್ಲಿ ಎರಡು ಮೂರು ಸಲ ಜಾರಿ ಸಿಳ್ಳೆಯಂಥ ತೆಳುದನಿ ಬರುತ್ತದೆ. ಮೇಲ್ಮಿತಿ ಮೀರಿದರೆ ಕರಕರ ಸದ್ದು. ಎರಡರ ನಡುವಿನ ಅಂತರದಲ್ಲಿ ಮಾತ್ರ ಸಂಗೀತವಿದೆ.

ಈ ಎರಡು ಮಿತಿಗಳೂ ಕಮಾನಿನ ವೇಗಕ್ಕೆ ಅನುಪಾತದಲ್ಲಿವೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ನಡುವಿನ ಅಂತರವೂ ಅರ್ಧವಾಗುತ್ತದೆ. ಇನ್ನು ಸ್ಥಳದ ವಿಚಾರ. ಕಮಾನು ಕುದುರೆಗೆ ಹತ್ತಿರವಾದಂತೆ ಎರಡು ಮಿತಿಗಳೂ ಏರುತ್ತವೆ, ಆದರೆ ಕೆಳಮಿತಿ ಹೆಚ್ಚು ಬೇಗ ಏರುತ್ತದೆ. ಕುದುರೆಯಿಂದ ಇರುವ ದೂರ ಅರ್ಧವಾದರೆ ಮೇಲ್ಮಿತಿ ಎರಡು ಪಟ್ಟು, ಕೆಳಮಿತಿ ನಾಲ್ಕು ಪಟ್ಟು.

ಈಗ ಹೆದರಿದ ವಿದ್ಯಾರ್ಥಿಯನ್ನು ಗಮನಿಸಿ. ತಪ್ಪು ದೊಡ್ಡದಾಗಿ ಕೇಳಿಸದಿರಲೆಂದು ಕಮಾನನ್ನು ನಿಧಾನವಾಗಿ, ಗಿಡ್ಡವಾಗಿ, ತೇಲಿಸಿ ಎಳೆಯುತ್ತಾನೆ. ನಿಧಾನವಾದ್ದರಿಂದ ಅಂತರ ಕಿರಿದಾಯಿತು. ತೇಲಿಸಿದ್ದರಿಂದ ಒತ್ತಡ ಕೆಳಮಿತಿಯ ಅಂಚಿಗೆ ಬಂತು. ಅದರ ಮೇಲೆ ಸೆಕೆಂಡಿಗೆ ಹತ್ತು ಬಾರಿಯ ನಡುಕ ಸೇರಿದರೆ ಒತ್ತಡ ಮಿತಿಯ ಒಳಗೂ ಹೊರಗೂ ಓಲಾಡುತ್ತದೆ. ಹತ್ತು ಬಾರಿ ನಾದ, ಹತ್ತು ಬಾರಿ ಸಿಳ್ಳೆ. ಅಡಗಿಸಲು ಮಾಡಿದ ಉಪಾಯವೇ ತಪ್ಪನ್ನು ಹೊರಗೆ ಹಾಕುತ್ತದೆ.

ಆದ್ದರಿಂದ ಮೊದಲ ಉಪಾಯ ಕಮಾನಿನಲ್ಲೇ ಇದೆ. ಕೈ ನಡುಗುವಾಗ ಉದ್ದ ಕಮಾನು, ಕೊಂಚ ಹೆಚ್ಚು ವೇಗ, ಅದಕ್ಕೆ ತಕ್ಕ ತೂಕ, ಕುದುರೆಯಿಂದ ಸ್ವಲ್ಪ ದೂರ. ಚೌಕಕಾಲದ ನೀಳ ಸ್ವರಗಳು ಸುಲಭವೆಂದು ಅದರಿಂದಲೇ ಆರಂಭಿಸುವವರುಂಟು. ಹೆದರಿದ ಬಲಗೈಗೆ ಅದೇ ಅತಿ ಕಷ್ಟದ್ದು. ಎರಡನೇ ಕಾಲದ ಸರಳೆಯಿಂದ ಆರಂಭಿಸುವುದು ಲೇಸು.

ಎಡಗೈಯ ಲೆಕ್ಕ ಬೇರೆ. ಪಿಟೀಲಿನ ತಂತಿಯ ಕಂಪಿಸುವ ಉದ್ದ ಸುಮಾರು 330 ಮಿ.ಮೀ. ಪಂಚಮಕ್ಕೆ ಅದು 220 ಮಿ.ಮೀ. ಆಗುತ್ತದೆ. ಅಲ್ಲಿ ಬೆರಳು 1 ಮಿ.ಮೀ. ಸರಿದರೆ ಆವೃತ್ತಿಯಲ್ಲಿ 220ಕ್ಕೆ 1ರಷ್ಟು ವ್ಯತ್ಯಾಸ, ಅಂದರೆ ಹೆಚ್ಚುಕಡಿಮೆ 8 ಸೆಂಟ್. (ಒಂದು ಅರ್ಧಸ್ವರಕ್ಕೆ 100 ಸೆಂಟ್.) ಶ್ರುತಿಯ ಜೊತೆ ಕೇಳುವ ಪಳಗಿದ ಕಿವಿಗೆ ಇದೂ ತಿಳಿಯುತ್ತದೆ, ವೀಣೆಯಂತೆ ರಕ್ಷಣೆಗೆ ಮೆಟ್ಟಿಲುಗಳಿಲ್ಲ. ಬೆರಳು ತಣ್ಣಗಾಗಿದ್ದರೆ ಅದರ ಚುರುಕು ತಗ್ಗುತ್ತದೆ. ತರಗತಿಗೆ ಮೊದಲು ಬೆಚ್ಚನೆಯ ನೀರಿನಲ್ಲಿ ಕೈ ಅದ್ದಿ ಒರೆಸಿಕೊಳ್ಳುವುದು ಸರಳ, ಪರಿಣಾಮಕಾರಿ.

ಮನೆಯ ಲೆಕ್ಕ, ತರಗತಿಯ ಲೆಕ್ಕ

“ಮನೇಲಿ ಬರ್ತಿತ್ತು” ಎಂಬ ಮಾತಿಗೆ ಮರಳೋಣ. ವರ್ಣದಲ್ಲಿ 20 ಕಷ್ಟದ ತಿರುವುಗಳಿವೆ, ಪ್ರತಿಯೊಂದೂ ನೂರಕ್ಕೆ 95 ಸಲ ಸರಿಯಾಗಿ ಬರುತ್ತದೆ ಎನ್ನೋಣ. ಎಲ್ಲವೂ ಒಂದೇ ಸಲಕ್ಕೆ ಸರಿಬರುವ ಸಂಭವನೀಯತೆ 0.95ರ 20ನೆಯ ಘಾತ: 0.36. ಮೂರರಲ್ಲಿ ಎರಡು ಸಲ ಎಲ್ಲೋ ಒಂದು ಕಡೆ ತಪ್ಪಲೇಬೇಕು, ಭಯವಿರಲಿ ಇಲ್ಲದಿರಲಿ! ಮನೆಯಲ್ಲಿ ತಪ್ಪಿದಾಗ ನಿಲ್ಲಿಸಿ, ಮತ್ತೆ ನುಡಿಸಿ, ಸರಿಬಂದದ್ದನ್ನು ಮಾತ್ರ ನೆನಪಿಡುತ್ತೇವೆ. ಗುರುಗಳು ಕೇಳುವುದು ಮೊದಲ ಯತ್ನವನ್ನು. ಭಯದಿಂದ 95 ಎಂಬುದು 90ಕ್ಕೆ ಇಳಿದರೆ ಫಲ 0.12. ಅದೇ 99ಕ್ಕೆ ಏರಿದರೆ 0.82. ತಿರುವುಗಳು ಒಂದನ್ನೊಂದು ಅವಲಂಬಿಸಿಲ್ಲ ಎಂಬ ಊಹೆ ಇಲ್ಲಿದೆ. ವಾಸ್ತವದಲ್ಲಿ ಒಂದು ತಪ್ಪು ಮುಂದಿನದನ್ನು ಕರೆಯುತ್ತದೆ. ಆದರೂ ಲೆಕ್ಕದ ದಿಕ್ಕು ಸರಿ. ನಾವು ಭಯ ಎಂದು ಕರೆಯುವುದರಲ್ಲಿ ಒಂದು ಪಾಲು ಅಪೂರ್ಣ ಅಭ್ಯಾಸ. ದಿನಕ್ಕೊಮ್ಮೆ, ವಾದ್ಯ ತೆಗೆದೊಡನೆ, ನಿಲ್ಲಿಸದೆ ಒಂದೇ ಸಲ ನುಡಿಸಿ ಗುರುತು ಹಾಕಿಕೊಂಡರೆ ನಿಜಸ್ಥಿತಿ ತಿಳಿಯುತ್ತದೆ.

ಇನ್ನೊಂದು ಪಾಲು ಗಮನಕ್ಕೆ ಸೇರಿದ್ದು. ಕೈಗೆ ಕೂಡಿಬಂದ ಕೆಲಸವನ್ನು ಹೆಜ್ಜೆಹೆಜ್ಜೆಗೂ ಕಾವಲು ಕಾಯಹೊರಟರೆ ಅದು ಮುಗ್ಗರಿಸುತ್ತದೆ. ಅಮೆರಿಕದ ಮನೋವಿಜ್ಞಾನಿಗಳಾದ ಬೈಲಾಕ್ ಮತ್ತು ಕಾರ್ 2001ರಲ್ಲಿ ಗಾಲ್ಫ್ ಚೆಂಡನ್ನು ಗುರಿಗೆ ಉರುಳಿಸುವ ಪ್ರಯೋಗಗಳಲ್ಲಿ ಇದನ್ನು ತೋರಿಸಿದರು. ಕ್ಯಾಮೆರಾದ ಮುಂದೆ ಅಭ್ಯಾಸ ಮಾಡಿದವರು ಒತ್ತಡದಲ್ಲಿ ಎಡವಲಿಲ್ಲ ಎಂಬುದು ಅದರ ಉಪಯುಕ್ತ ಭಾಗ. ಈಗ ಮೊಬೈಲು ಎಲ್ಲ ಮನೆಗಳಲ್ಲಿಯೂ ಇದೆ. ಅದನ್ನು ಎದುರಿಗಿಟ್ಟು ಚಿತ್ರಿಸಿಕೊಳ್ಳುತ್ತ ನುಡಿಸಬಹುದು. ಅಜ್ಜಿಯನ್ನೋ ಪಕ್ಕದ ಮನೆಯವರನ್ನೋ ಕೂರಿಸಿಕೊಳ್ಳಬಹುದು. ನುಡಿಸುವಾಗ ಗಮನ ಬೆರಳಿನ ಮೇಲಲ್ಲ, ತಂಬೂರಿಯ ಶ್ರುತಿಯ ಮೇಲಿರಲಿ.

ಉಸಿರಿನ ಬಗ್ಗೆ ಎಲ್ಲರೂ ಹೇಳುತ್ತಾರೆ. ಕಾರಣವನ್ನು ಕೆಲವರೇ ಹೇಳುತ್ತಾರೆ. ರಕ್ತದೊತ್ತಡವನ್ನು ಸರಿದೂಗಿಸುವ ನರಗಳ ವ್ಯವಸ್ಥೆ ತುಸು ತಡವಾಗಿ ಪ್ರತಿಕ್ರಿಯಿಸುತ್ತದೆ. ಹಾಗಾಗಿ ಅದಕ್ಕೆ ಸುಮಾರು 10 ಸೆಕೆಂಡಿನ ಸ್ವಾಭಾವಿಕ ಆವರ್ತಕಾಲವಿದೆ. ನಿಮಿಷಕ್ಕೆ ಆರರಂತೆ ಉಸಿರಾಡಿದರೆ ಉಸಿರೂ ಆ ವ್ಯವಸ್ಥೆಯೂ ಅನುರಣನಕ್ಕೆ ಬಂದು ಎದೆಬಡಿತದ ಮೇಲಿನ ಹಿಡಿತ ಬಲವಾಗುತ್ತದೆ. ಬಾಗಿಲ ಹೊರಗೆ ಕಾಯುವ ಐದು ನಿಮಿಷ ಇದಕ್ಕೆ ಸಾಕು.

ಕಲಿಸುವವರ ಪಾಲೂ ಇದೆ. ರಕ್ತಕ್ಕೆ ಸೇರಿದ ಅಡ್ರೀನಲಿನ್ ಕೆಲವೇ ನಿಮಿಷಗಳಲ್ಲಿ ಕ್ಷೀಣಿಸುತ್ತದೆ, ಮತ್ತೆ ಮತ್ತೆ ಕೆಣಕದಿದ್ದರೆ. ಮೊದಲ ಸ್ವರಕ್ಕೇ ಹುಬ್ಬು ಗಂಟಿಕ್ಕಿದರೆ ಎರಡನೇ ಕಂತು ಬಿಡುಗಡೆಯಾಗುತ್ತದೆ. ಮೊದಲ ಐದು ನಿಮಿಷ ವಿದ್ಯಾರ್ಥಿಯೊಂದಿಗೆ ತಾವೂ ನುಡಿಸುವ ಗುರುಗಳಿದ್ದಾರೆ. ಪ್ರಯೋಗಾಲಯದ ಪರೀಕ್ಷಕರೂ ಮೊದಲ ಅಳತೆ ಮುಗಿಯುವ ತನಕ ಆಚೆ ಮೇಜಿನ ಬಳಿ ಇದ್ದರೆ ನಷ್ಟವೇನಿಲ್ಲ. ಹುಡುಗರು ಸಂಗೀತ ಬಿಡುವುದು ಹೆಚ್ಚಾಗಿ ಸ್ವರ ಬಾರದ್ದಕ್ಕಲ್ಲ, ಆ ಮೊದಲ ಐದು ನಿಮಿಷಗಳಿಗೆ ಅಂಜಿ ಎಂಬುದು ನನ್ನ ಅನಿಸಿಕೆ.

ಮಾಡಿ ನೋಡಿ

ನಡುಕವನ್ನು ಅಳೆಯಲು ಬಯಸುವ ವಿದ್ಯಾರ್ಥಿಗಳು ಒಂದು ಲೇಸರ್ ಸೂಚಕವನ್ನು ಚಾಚಿದ ಕೈಯಲ್ಲಿ ಹಿಡಿದು 5 ಮೀಟರ್ ದೂರದ ಗೋಡೆಗೆ ಬಿಡಲಿ. ಬೆಳಕು ಯಾರ ಕಣ್ಣಿಗೂ ತಾಗಬಾರದು. ಕೈ ಒಂದು ಡಿಗ್ರಿಯ ಐದನೇ ಒಂದು ಭಾಗ ಓಲಾಡಿದರೂ ಬಿಂದು 17 ಮಿ.ಮೀ. ಚಲಿಸುತ್ತದೆ. ಗೋಡೆಗೆ ಗ್ರಾಫ್ ಕಾಗದ ಅಂಟಿಸಿ, ಮೊಬೈಲಿನಲ್ಲಿ ಚಿತ್ರಿಸಿ, ಪಾರವನ್ನು ಓದಿಕೊಳ್ಳಿ. ಮೊದಲು ಒಬ್ಬರೇ ಇದ್ದಾಗ, ಬಳಿಕ ಹತ್ತು ಮಂದಿ ಸಹಪಾಠಿಗಳು ಅಂಕ ಕೊಡಲು ಕುಳಿತಾಗ, ಕೊನೆಗೆ ಐದು ನಿಮಿಷ ನಿಧಾನವಾಗಿ ಉಸಿರಾಡಿದ ಮೇಲೆ. ಮೂರು ಅಳತೆಗಳನ್ನೂ ಒಂದೇ ಕೈಯಲ್ಲಿ, ನಡುವೆ ಕೈಗೆ ವಿಶ್ರಾಂತಿ ಕೊಟ್ಟು ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಆಯಾಸದ ನಡುಕವೂ ಲೆಕ್ಕಕ್ಕೆ ಸೇರಿಬಿಡುತ್ತದೆ.