ಬೆಳೆಯುವ ಎಲುಬಿಗೆ ಪೆಟ್ಟಾದಾಗ

ಗಲ್ಲಿಯ ಕ್ರಿಕೆಟ್ಟಿನಲ್ಲಿ ಬಿದ್ದ ಹುಡುಗನ ಮಣಿಕಟ್ಟು ಊದಿಕೊಂಡರೆ ನಮ್ಮವರು ಆಡುವ ಮಾತು ಒಂದೇ: “ಉಳುಕಿರಬೇಕು, ಎಣ್ಣೆ ಹಚ್ಚಿ ನೀವಿದರೆ ಸರಿಹೋದೀತು.” ದೊಡ್ಡವರ ವಿಷಯದಲ್ಲಿ ಈ ಊಹೆ ಎಷ್ಟೋ ಸಲ ನಿಜವಿರಬಹುದು, ಮಕ್ಕಳ ವಿಷಯದಲ್ಲಿ ಇದನ್ನು ನಂಬಿ ಕೂರುವಂತಿಲ್ಲ.

ಬೆಳೆಯುವ ಮಕ್ಕಳ ನೀಳವಾದ ಎಲುಬುಗಳ ತುದಿಯ ಬಳಿ ಮೃದ್ವಸ್ಥಿಯ ತೆಳು ಪದರವೊಂದಿರುತ್ತದೆ. ಎಲುಬು ಉದ್ದವಾಗುವುದು ಇಲ್ಲಿಯೇ. ಸಾಮಾನ್ಯವಾಗಿ ಹೆಣ್ಣುಮಕ್ಕಳಲ್ಲಿ 13ರಿಂದ 15, ಗಂಡುಮಕ್ಕಳಲ್ಲಿ 15ರಿಂದ 17 ವರ್ಷದೊಳಗೆ ಇದು ಗಟ್ಟಿ ಎಲುಬಾಗುತ್ತದೆ. ಅಲ್ಲಿಯವರೆಗೆ ಕೀಲನ್ನು ಬಿಗಿದಿರುವ ತಂತುಗಳಿಗಿಂತ ಈ ಪದರವೇ ದುರ್ಬಲ. ಆದುದರಿಂದ ದೊಡ್ಡವರಿಗೆ ಬರಿಯ ಉಳುಕಾಗುವ ಪೆಟ್ಟಿನಿಂದ ಮಕ್ಕಳಿಗೆ ಪದರವೇ ಮುರಿಯಬಹುದು. 1963ರಲ್ಲಿ ಟೊರೊಂಟೊ ನಗರದ ವೈದ್ಯರಾದ ಸಾಲ್ಟರ್ ಮತ್ತು ಹ್ಯಾರಿಸ್ ಮಾಡಿದ ಐದು ಬಗೆಯ ವಿಂಗಡಣೆಯನ್ನೇ ವೈದ್ಯರು ಇಂದಿಗೂ ಬಳಸುತ್ತಾರೆ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುಪಾಲು ಗುಣವಾಗುತ್ತವೆ. ಪದರ ಕೆಟ್ಟರೆ ಕೈಕಾಲು ಗಿಡ್ಡವಾಗಿಯೋ ಸೊಟ್ಟಾಗಿಯೋ ಬೆಳೆಯಬಹುದು.

ಆದ್ದರಿಂದ ನೀವುವುದೂ ಎಳೆಯುವುದೂ ಬೇಡ. ಮಡಿಸಿದ ಪತ್ರಿಕೆಯ ಆಸರೆಯಿಟ್ಟು ಬಟ್ಟೆಯಿಂದ ಹದವಾಗಿ ಕಟ್ಟಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15 ನಿಮಿಷ ಇಟ್ಟು, ಅಂದೇ ಆಸ್ಪತ್ರೆಗೆ ಒಯ್ಯಬೇಕು. ಹೋಟೆಲಿನ ವಾರದ ರಜೆಗೋ ಕಚೇರಿಯ ಭಾನುವಾರಕ್ಕೋ ಕಾಯಬಾರದು. ವಾರ, ಹತ್ತು ದಿನ ಕಳೆದರೆ ಎಲುಬು ಜರುಗಿದಲ್ಲಿಯೇ ಕೂಡತೊಡಗುತ್ತದೆ. ಆಗ ಎಳೆದು ಸರಿಪಡಿಸಹೋದರೆ ಪದರಕ್ಕೇ ಹಾನಿ. ಕ್ಷ-ಕಿರಣ ಚಿತ್ರದಲ್ಲಿ ಬಿರುಕು ಕಾಣದಿದ್ದರೂ ವೈದ್ಯರು ಪಟ್ಟಿ ಹಾಕಿದರೆ ಸಂಶಯಪಡಬೇಕಾಗಿಲ್ಲ. ಮೃದ್ವಸ್ಥಿಯು ಆ ಚಿತ್ರದಲ್ಲಿ ಮೂಡುವುದಿಲ್ಲ. ನೋವು ಹೋದ ಮೇಲೂ ವೈದ್ಯರು ಹೇಳಿದಷ್ಟು ಕಾಲ ಮಗುವನ್ನು ತೋರಿಸುತ್ತಿರಬೇಕು.

ಕಳೆದ ಒಂದು ದಿನದ ಸಂಬಳವನ್ನು ಮತ್ತೆ ದುಡಿಯಬಹುದು. ಸೊಟ್ಟಾಗಿ ಬೆಳೆದ ಎಲುಬನ್ನು ನೆಟ್ಟಗೆ ಮಾಡುವುದು ಅಷ್ಟು ಸುಲಭವಲ್ಲ.